ಮೂಗಿನ ಅಳತೆಯಿಂದ ಡಿಎನ್‌ಎವರೆಗೆ: ‘ಮೊದಲು ಬಂದವರು ಯಾರು’ ಎಂಬ ಹಳೇ ಜಗಳ

2022ರ ಮೇ ತಿಂಗಳಲ್ಲಿ ಒಂದು ಸುದ್ದಿ ಬಂತು. ಭಾರತೀಯರ ‘ಜನಾಂಗೀಯ ಶುದ್ಧತೆ’ ಪತ್ತೆ ಮಾಡಲು ಕೇಂದ್ರ ಸಂಸ್ಕೃತಿ ಸಚಿವಾಲಯ ಡಿಎನ್‌ಎ ಪರೀಕ್ಷೆಯ ಸಲಕರಣೆ ಕೊಳ್ಳಲಿದೆ ಎಂದು ಪತ್ರಿಕೆಯೊಂದು ಬರೆಯಿತು. ವರದಿ ದಾರಿ ತಪ್ಪಿಸುವಂತಿದೆ, ನಮ್ಮ ಯೋಜನೆಗೂ ಶುದ್ಧತೆಗೂ ಸಂಬಂಧವಿಲ್ಲ ಎಂದು ಸಚಿವಾಲಯ ಹೇಳಿತು. ಆದರೂ ನೂರಕ್ಕೂ ಹೆಚ್ಚು ವಿಜ್ಞಾನಿಗಳು, ಇತಿಹಾಸಕಾರರು ಸೇರಿ ಬಹಿರಂಗ ಪತ್ರ ಬರೆದರು. ಅವರಿಗೆ ಅಷ್ಟು ಗಾಬರಿ ಯಾಕಾಯಿತು? ಅದು ಗೊತ್ತಾಗಬೇಕಾದರೆ ಇನ್ನೂರು ವರ್ಷಕ್ಕೂ ಹಿಂದೆ ಹೋಗಬೇಕು.

ಶುರುವಾಗಿದ್ದು ಭಾಷೆಯಿಂದ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದು 1786ರಲ್ಲಿ ಕಲ್ಕತ್ತದಲ್ಲಿ ಬ್ರಿಟಿಷ್ ನ್ಯಾಯಾಧೀಶ ವಿಲಿಯಂ ಜೋನ್ಸ್ ಹೇಳಿದರು. ಕನ್ನಡ, ತಮಿಳು, ತೆಲುಗು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದ್ದೇ ಬೇರೆ ಕುಟುಂಬ ಎಂದು 1816ರಲ್ಲಿ ಮದ್ರಾಸಿನ ಬ್ರಿಟಿಷ್ ಅಧಿಕಾರಿ ಎಲ್ಲಿಸ್ ತೋರಿಸಿದರು. ಎರಡೂ ಒಳ್ಳೆಯ ಕೆಲಸವೇ. ಎಡವಿದ್ದು ಆಮೇಲೆ. ಒಂದು ಭಾಷೆ ಆಡುವವರದ್ದು ಒಂದೇ ರಕ್ತ ಅಂತ ಜನ ತೀರ್ಮಾನಿಸಿಬಿಟ್ಟರು. ಸಂಸ್ಕೃತದ ಕಡೆಯ ‘ಆರ್ಯರು’ ಹೊರಗಿನಿಂದ ಬಂದವರು, ‘ದ್ರಾವಿಡರು’ ಇಲ್ಲಿನ ಮೂಲದವರು ಎಂಬ ಮಾತು ಹುಟ್ಟಿತು; ಅಲ್ಲ, ಆರ್ಯರೂ ಇಲ್ಲಿಯವರೇ ಎಂಬ ಎದುರು ವಾದವೂ ಬಂತು. ‘ಆರ್ಯ’ ಎನ್ನುವುದು ಭಾಷೆಗೆ ಇಟ್ಟ ಹೆಸರು, ರಕ್ತಕ್ಕೂ ತಲೆಬುರುಡೆಗೂ ಅದನ್ನು ಅಂಟಿಸಬೇಡಿ ಎಂದು ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ 1888ರಲ್ಲಿ ಬರೆದರು. ಅಷ್ಟರಲ್ಲಿ ಕಾಲ ಮೀರಿತ್ತು.

ಭಾರತದಲ್ಲಿ ಈ ವಿಚಾರಕ್ಕೆ ಸರ್ಕಾರದ ಮುದ್ರೆ ಬಿದ್ದದ್ದು ಹರ್ಬರ್ಟ್ ರಿಸ್ಲೆ ಕಾಲದಲ್ಲಿ. 1901ರ ಜನಗಣತಿಯ ಕಮಿಷನರ್ ಅವರೇ. ಅವರ ಲೆಕ್ಕ ಸರಳ. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಒಂದು ಸಂಖ್ಯೆ ಬರುತ್ತದೆ. ಅದು ಕಡಿಮೆ ಇದ್ದರೆ ‘ಆರ್ಯ’, ಜಾಸ್ತಿ ಇದ್ದರೆ ‘ದ್ರಾವಿಡ’. ಜಾತಿಯ ಮೂಗು ಅಗಲವಾದಷ್ಟೂ ಸಮಾಜದಲ್ಲಿ ಅದರ ಸ್ಥಾನ ಕೆಳಗೆ ಹೋಗುತ್ತದೆ ಎಂಬ ನಿಯಮವನ್ನೂ ಮಾಡಿದರು. ಇಡೀ ದೇಶದ ಜನರನ್ನು ಏಳು ಮಾದರಿಗಳಾಗಿ ವಿಂಗಡಿಸಿದರು. ನಮ್ಮ ಕೊಡವರನ್ನು ಮರಾಠರ ಜೊತೆ ‘ಸಿಥೋ-ದ್ರಾವಿಡ’ ಎಂಬ ಗುಂಪಿಗೆ ಹಾಕಿದರು. ಅದೇ ಗಣತಿಯಲ್ಲಿ ಜಾತಿಗಳಿಗೆ ಮೇಲು-ಕೀಳಿನ ಕ್ರಮವೂ ಬಂತು. ತಮ್ಮ ಸ್ಥಾನ ಮೇಲಕ್ಕೇರಿಸಿ ಎಂದು ಜಾತಿ ಸಂಘಗಳು ಅರ್ಜಿ ಹಿಡಿದು ನಿಂತವು.

ಈ ಲೆಕ್ಕವನ್ನು ಮತ್ತೆ ತೆಗೆದು ನೋಡಿದವರು ಭಾರತೀಯರೇ. ರಿಸ್ಲೆಯ ನಿಯಮ ಗಂಗಾ ಬಯಲಿನ ಒಂದು ಭಾಗ ಬಿಟ್ಟರೆ ಉಳಿದೆಡೆ ನಿಲ್ಲುವುದಿಲ್ಲ ಎಂದು ಸಮಾಜಶಾಸ್ತ್ರಜ್ಞ ಜಿ.ಎಸ್. ಘುರ್ಯೆ 1932ರಲ್ಲಿ ತೋರಿಸಿದರು. ರಿಸ್ಲೆಯ ಅಂಕಿಅಂಶಗಳಲ್ಲೇ ತಪ್ಪುಗಳಿವೆ ಎಂದು ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಪಟ್ಟಿ ತಿದ್ದಿದರು.

ಇವರಿಗಿಂತ ಸ್ವಲ್ಪ ಮೊದಲೇ, ಇನ್ನೂ ಕಷ್ಟದ ಜಾಗದಲ್ಲಿ ಒಬ್ಬ ಹೆಣ್ಣುಮಗಳು ಇದೇ ಕೆಲಸ ಮಾಡಿದ್ದರು. ಮಹಾಭಾರತದ ಬಗ್ಗೆ ಬರೆದ ಪ್ರಬಂಧಗಳಿಂದ ಕನ್ನಡಿಗರಿಗೂ ಪರಿಚಿತರಾದ ಇರಾವತಿ ಕರ್ವೆ 1927ರ ಕೊನೆಗೆ ಬರ್ಲಿನ್‌ಗೆ ಓದಲು ಹೋದರು. ಅವರ ಗುರು ಯೂಜೆನ್ ಫಿಷರ್. ಜನಾಂಗಗಳು ಬೆರೆಯುವುದೇ ಕೆಡುಕು ಎಂದು ನಂಬಿದ್ದ ವ್ಯಕ್ತಿ, ಮುಂದೆ ನಾಜಿಗಳ ಜನಾಂಗ ನೀತಿಗೆ ಬೆಂಬಲವಾಗಿ ನಿಂತವರು. ಯುರೋಪಿನವರ ತಲೆಬುರುಡೆಯ ಎಡ-ಬಲ ಭಾಗಗಳು ಹೆಚ್ಚು ಅಸಮ, ಅದಕ್ಕೇ ಅವರ ಬುದ್ಧಿ ಜಾಸ್ತಿ ಎಂಬುದು ಗುರುವಿನ ಊಹೆ. ಅದನ್ನು ಪರೀಕ್ಷಿಸಲು ಕರ್ವೆ 149 ತಲೆಬುರುಡೆಗಳನ್ನು ಅಳೆದರು. ಅವುಗಳಲ್ಲಿ ಆಫ್ರಿಕದ ವಸಾಹತುಗಳಿಂದ ತಂದವೂ ಇದ್ದವು. ಅಸಮತೆ ಎಲ್ಲರಲ್ಲೂ ಇದೆ, ಅದಕ್ಕೂ ಜನಾಂಗಕ್ಕೂ ನಂಟಿಲ್ಲ ಎಂಬ ಉತ್ತರ ಸಿಕ್ಕಿತು. ಸಿಕ್ಕಿದ್ದನ್ನೇ ಬರೆದು ಗುರುವಿನ ಕೈಗೆ ಕೊಟ್ಟರು. ಪರದೇಶದಲ್ಲಿ, ಪದವಿ ಯಾರ ಕೈಯಲ್ಲಿದೆಯೋ ಅವರ ನಂಬಿಕೆಗೇ ಎದುರಾಗಿ ಬರೆಯುವುದು ಸಣ್ಣ ಮಾತಲ್ಲ. ಶಾಲೆಗಳಲ್ಲಿ ಈ ಕಥೆ ಹೇಳುವುದೇ ಇಲ್ಲ ಅನ್ನೋದು ನನಗೆ ನಿಜಕ್ಕೂ ಬೇಸರ.

ಎರಡನೇ ಮಹಾಯುದ್ಧದ ನಂತರ ಜನಾಂಗ ಎನ್ನುವುದು ಜೀವಶಾಸ್ತ್ರದ ಸಂಗತಿಗಿಂತ ಹೆಚ್ಚಾಗಿ ಸಮಾಜ ಕಟ್ಟಿದ ಕಲ್ಪನೆ ಎಂದು ಯುನೆಸ್ಕೊ 1950ರಲ್ಲಿ ಹೇಳಿಕೆ ಹೊರಡಿಸಿತು. 1972ರಲ್ಲಿ ವಂಶವಾಹಿ ವಿಜ್ಞಾನಿ ರಿಚರ್ಡ್ ಲೆವಾಂಟಿನ್ ಅದಕ್ಕೆ ಅಂಕಿ ಕೊಟ್ಟರು. ಮನುಷ್ಯರ ನಡುವಿನ ವಂಶವಾಹಿ ವ್ಯತ್ಯಾಸದಲ್ಲಿ ಸುಮಾರು ಶೇ. 85ರಷ್ಟು ಒಂದೇ ಜನಸಮೂಹದ ಒಳಗೇ ಇದೆ. ‘ಜನಾಂಗ’ಗಳ ನಡುವೆ ಉಳಿಯುವುದು ಶೇ. 6ರಷ್ಟು ಮಾತ್ರ.

ಈಗ ಡಿಎನ್‌ಎ ವಿಷಯಕ್ಕೆ ಬರೋಣ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ಲಾಲ್ಜಿ ಸಿಂಗ್, ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ತಂಡ 2009ರಲ್ಲಿ ತೋರಿಸಿದ್ದು ಇದು: ಭಾರತದ ಹೆಚ್ಚಿನವರಲ್ಲಿ ಎರಡು ದೊಡ್ಡ ಮೂಲಗಳು ಬೆರೆತಿವೆ. ಪ್ರಮಾಣ ಬೇರೆ ಬೇರೆ, ಆದರೆ ಬ್ರಾಹ್ಮಣರಲ್ಲೂ ದಲಿತರಲ್ಲೂ ಆದಿವಾಸಿಗಳಲ್ಲೂ ಎರಡೂ ಇವೆ. ಈ ಬೆರಕೆ ನಡೆದದ್ದು ಸುಮಾರು 4200ರಿಂದ 1900 ವರ್ಷಗಳ ಹಿಂದಿನ ಅವಧಿಯಲ್ಲಿ ಎಂದು 2013ರ ಅಧ್ಯಯನ ಹೇಳಿತು. ಆಮೇಲೆ ಜಾತಿಯೊಳಗಿನ ಮದುವೆ ಬಿಗಿಯಾಯಿತು. ಅದರ ಗುರುತು ಈಗ ಆಪರೇಷನ್ ಥಿಯೇಟರಿನಲ್ಲೂ ಕಾಣುತ್ತದೆ. ವೈಶ್ಯ ಸಮುದಾಯದ ಕೆಲವರ ರಕ್ತದಲ್ಲಿ ಒಂದು ಕಿಣ್ವ ಕಡಿಮೆ ಇರುತ್ತದೆ. ಅರಿವಳಿಕೆ ಜೊತೆ ಕೊಡುವ ಒಂದು ಸ್ನಾಯು ಸಡಿಲಿಸುವ ಔಷಧಿ ಇಳಿಯದೆ, ಅವರಿಗೆ ತುಂಬ ಹೊತ್ತು ಉಸಿರಾಡಲು ಕಷ್ಟವಾಗಬಹುದು. ನಾವು ಹೆಮ್ಮೆಯಿಂದ ಕಾಪಾಡಿಕೊಂಡ ‘ನಮ್ಮವರು’ ಎಂಬ ಬೇಲಿ ಕೊಟ್ಟದ್ದು ಶುದ್ಧತೆಯನ್ನಲ್ಲ, ಇಂಥ ತೊಂದರೆಯನ್ನು.

2019ರ ಸೆಪ್ಟೆಂಬರಿನಲ್ಲಿ ಆರ್ಯರು ಹೊರಗಿನವರೋ ಇಲ್ಲಿಯವರೋ ಎಂಬ ಜಗಳ ಮತ್ತೆ ಹೊತ್ತಿಕೊಂಡಿತು. ಹರಿಯಾಣದಲ್ಲಿರುವ ಸಿಂಧೂ ನಾಗರಿಕತೆಯ ನೆಲೆ ರಾಖಿಗಢಿಯಲ್ಲಿ 61 ಅಸ್ಥಿ ಮಾದರಿಗಳನ್ನು ಪರೀಕ್ಷಿಸಿದಾಗ, ಸುಮಾರು 4500 ವರ್ಷ ಹಿಂದಿನ ಒಬ್ಬ ಮಹಿಳೆಯದ್ದರಲ್ಲಿ ಮಾತ್ರ ಬಳಸಬಹುದಾದಷ್ಟು ಡಿಎನ್‌ಎ ಉಳಿದಿತ್ತು. ನಮ್ಮಲ್ಲಿ ಬಿಸಿಲೂ ತೇವವೂ ಮೂಳೆಯ ಡಿಎನ್‌ಎಯನ್ನು ಬೇಗ ಹಾಳು ಮಾಡುತ್ತವೆ. ಸಂಸ್ಕೃತದ ಮೂಲ ಭಾಷೆಯನ್ನು ಇಲ್ಲಿಗೆ ತಂದವರು ಮಧ್ಯ ಏಷ್ಯದ ಹುಲ್ಲುಗಾವಲಿನ ಪಶುಪಾಲಕರು ಎಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಆಕೆಯಲ್ಲಿ ಅವರ ಅಂಶ ಇರಲಿಲ್ಲ. ಕೂಡಲೇ ‘ಆರ್ಯರು ಬರಲೇ ಇಲ್ಲ’ ಎಂಬ ಹೇಳಿಕೆಗಳು ಹೊರಬಿದ್ದವು.

ಆದರೆ ಅದೇ ಹೊತ್ತಿಗೆ ಇನ್ನೊಂದು ಪ್ರಬಂಧವೂ ಪ್ರಕಟವಾಗಿತ್ತು. ಲೇಖಕರಲ್ಲಿ ಹಲವರು ಎರಡರಲ್ಲೂ ಇದ್ದಾರೆ. 523 ಪ್ರಾಚೀನ ಮನುಷ್ಯರ ಡಿಎನ್‌ಎ ನೋಡಿದ ಆ ಪ್ರಬಂಧದ ಪ್ರಕಾರ ಹುಲ್ಲುಗಾವಲಿನವರು ಈ ಕಡೆ ಬಂದದ್ದು ಸುಮಾರು 4000ದಿಂದ 3500 ವರ್ಷಗಳ ಹಿಂದೆ, ಅಂದರೆ ಆ ಮಹಿಳೆ ತೀರಿಹೋದ ಎಷ್ಟೋ ಕಾಲದ ಮೇಲೆ. ಹಾಗಿದ್ದ ಮೇಲೆ ಆಕೆಯಲ್ಲಿ ಆ ಅಂಶ ಇಲ್ಲದಿರುವುದು ಸಹಜವೇ ಅಲ್ವಾ? ಇನ್ನೊಂದು ಕಡೆಯವರಿಗೂ ಇದರಲ್ಲಿ ಗೆಲುವಿಲ್ಲ. ದಕ್ಷಿಣದವರು ಮಾತ್ರ ಅಪ್ಪಟ ಮೂಲದವರು ಎನ್ನಲು ಆಧಾರ ಸಿಗುವುದಿಲ್ಲ. ಸಿಂಧೂ ಕಣಿವೆಯ ಆ ಜನರ ವಂಶ ಉತ್ತರದವರಲ್ಲೂ ಇದೆ, ದಕ್ಷಿಣದವರಲ್ಲೂ ಇದೆ. ಆಕೆಯೇ ಬೆರಕೆ: ಇರಾನಿನ ಕಡೆಯವರಿಗೆ ನಂಟಿದ್ದ ಒಂದು ಮೂಲ, ಇಲ್ಲಿನ ಬೇಟೆಗಾರರ ಇನ್ನೊಂದು ಮೂಲ.

‘ಮೊದಲು ಬಂದವರು ಯಾರು’ ಎಂಬ ಈ ಪ್ರಶ್ನೆಯ ಪೆಟ್ಟು ಬೀಳುವುದು ಪಂಡಿತರಿಗಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳನ್ನು ನೋಡಿ. ಅವರ ಪೂರ್ವಜರಲ್ಲಿ ಹಲವರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ನಮ್ಮ ಕಾಡಿನಲ್ಲಿ ನೆಲೆ ನಿಂತರು. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣವಾದರು. ಆದರೂ ಊರು ಬಿಟ್ಟು ಬೆಂಗಳೂರಿಗೆ ಬಂದ ಸಿದ್ದಿ ಹುಡುಗರಿಗೆ ‘ಯಾವ ದೇಶ?’ ಎಂಬ ಪ್ರಶ್ನೆ ತಪ್ಪಿಲ್ಲ. ಕೇಳುವವರ ಪೂರ್ವಜರೂ ಆಫ್ರಿಕದಿಂದಲೇ ಹೊರಟವರು, ಸುಮಾರು 60 ಸಾವಿರ ವರ್ಷ ಮೊದಲು. ನಮ್ಮ ಮನುಷ್ಯ ಪ್ರಭೇದ ಹುಟ್ಟಿಯೇ ಸುಮಾರು 3 ಲಕ್ಷ ವರ್ಷವಾಗಿದೆ.

2024ರಲ್ಲಿ ಎನ್‌ಸಿಇಆರ್‌ಟಿಯ 12ನೇ ತರಗತಿಯ ಇತಿಹಾಸ ಪುಸ್ತಕಕ್ಕೆ ರಾಖಿಗಢಿಯ ಡಿಎನ್‌ಎ ವಿಷಯ ಸೇರಿತು. ಸೇರಬೇಕಾದದ್ದೇ. ಅದರ ಪಕ್ಕದಲ್ಲೇ 523 ಜನರ ಆ ಪ್ರಬಂಧವನ್ನೂ, ಕರ್ವೆಯವರ 149 ತಲೆಬುರುಡೆಗಳನ್ನೂ ಸೇರಿಸಲು ಎರಡು ಪುಟ ಸಾಕು.