ಕ್ರಾಸ್‌ಓವರ್: ವೂಫರ್, ಟ್ವೀಟರ್ ನಡುವೆ ಸದ್ದು ಹಂಚುವ ಲೆಕ್ಕ

ಕ್ರಾಸ್‌ಓವರ್ ಅಂದರೆ ಸ್ಪೀಕರ್ ಪೆಟ್ಟಿಗೆಯೊಳಗಿನ ಒಂದು ಚಿಕ್ಕ ಸರ್ಕ್ಯೂಟ್. ಆಂಪ್ಲಿಫೈಯರ್‌ನಿಂದ ಬರುವ ಸಿಗ್ನಲ್ಲಿನಲ್ಲಿ ತಗ್ಗು ಸದ್ದನ್ನು, ಅಂದರೆ ಕಡಿಮೆ ಫ್ರೀಕ್ವೆನ್ಸಿಯದನ್ನು, ದೊಡ್ಡ ಸ್ಪೀಕರ್ ಆದ ವೂಫರ್‌ಗೂ, ಮೇಲಿನ ಸದ್ದನ್ನು ಚಿಕ್ಕ ಸ್ಪೀಕರ್ ಆದ ಟ್ವೀಟರ್‌ಗೂ ಕಳಿಸುವುದು ಅದರ ಕೆಲಸ. ಎರಡೂ ಸಮಸಮವಾಗಿ ಕೇಳುವ ಫ್ರೀಕ್ವೆನ್ಸಿಗೆ ಕ್ರಾಸ್‌ಓವರ್ ಪಾಯಿಂಟ್ ಅಂತ ಹೆಸರು. ಕೇಳಿದವರಿಗೆ ಇಷ್ಟು ಹೇಳಿದರೆ ಸಾಕು. ಮನೆಯಲ್ಲೇ ಸ್ಪೀಕರ್ ಕಟ್ಟಲು ಹೊರಟವರಿಗೆ ಮಾತ್ರ ಇಷ್ಟು ಸಾಲದು.

ಮೊದಲು, ಹಂಚುವುದಾದರೂ ಯಾಕೆ? ನಮ್ಮ ಕಿವಿಗೆ ಕೇಳುವುದು ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ. 20 ಹರ್ಟ್ಸ್ ಅಲೆ ಗಾಳಿಯಲ್ಲಿ 17 ಮೀಟರ್ ಉದ್ದ, 20,000 ಹರ್ಟ್ಸ್ ಅಲೆ 1.7 ಸೆಂಟಿಮೀಟರ್. ಇವೆರಡನ್ನೂ ಒಂದೇ ಕೋನ್ ಚೆನ್ನಾಗಿ ಹೊರಡಿಸುವುದು ತುಂಬಾ ಕಷ್ಟ. ಆರೂವರೆ ಇಂಚಿನ ವೂಫರ್ ಮೇಲಿನ ಸದ್ದನ್ನು ನೇರ ಮುಂದಕ್ಕೆ ಮಾತ್ರ ಎಸೆಯುತ್ತದೆ. ಪಕ್ಕದಲ್ಲಿ ಕೂತವರಿಗೆ ಹಾಡು ಮಂಕಾಗಿ ಕೇಳುತ್ತದೆ. 25 ಮಿಲಿಮೀಟರ್ ಗುಮ್ಮಟದ ಟ್ವೀಟರ್‌ಗೆ ಮೃದಂಗದ ಎಡ ಭಾಗದ ಸದ್ದು ಕೊಟ್ಟರೆ ಅಷ್ಟು ಗಾಳಿ ತಳ್ಳಲು ಅದಕ್ಕೆ ಆಗುವುದೇ ಇಲ್ಲ. ದನಿ ಜಾಸ್ತಿ ಮಾಡಿದರೆ ಒಳಗಿನ ಕಾಯಿಲ್ ಸುಟ್ಟೇ ಹೋಗುತ್ತದೆ.

ಹಂಚುವ ಭಾಗಗಳು ಎರಡೇ. ಕಾಯಿಲ್, ಅಂದರೆ ಇಂಡಕ್ಟರ್, ತಗ್ಗು ಸದ್ದನ್ನು ಹೋಗಲು ಬಿಟ್ಟು ಮೇಲಿನದನ್ನು ತಡೆಯುತ್ತದೆ. ಕೆಪಾಸಿಟರ್ ಮಾಡುವುದು ಇದರ ಉಲ್ಟಾ. ಒಂದೊಂದೇ ಹಾಕಿದರೆ ಪ್ರತಿ ಆಕ್ಟೇವ್‌ಗೆ 6 ಡೆಸಿಬೆಲ್ ಇಳಿಯುತ್ತದೆ. ಆಕ್ಟೇವ್ ಅಂದರೆ ನಮ್ಮ ಸಂಗೀತದ ಒಂದು ಸ್ಥಾಯಿ: ಮಧ್ಯ ಷಡ್ಜದಿಂದ ತಾರ ಷಡ್ಜಕ್ಕೆ ಏರಿದರೆ ಫ್ರೀಕ್ವೆನ್ಸಿ ಎರಡರಷ್ಟಾಗುತ್ತದೆ, ಅಲ್ವಾ, ಅಷ್ಟೇ. ವೂಫರ್‌ನ ಸಾಲು, ಟ್ವೀಟರ್‌ನ ಸಾಲು ಪ್ರತಿಯೊಂದರಲ್ಲೂ ಭಾಗಗಳು ಎರಡಾದರೆ ಇಳಿಕೆ 12 ಡೆಸಿಬೆಲ್, ಮೂರಾದರೆ 18, ನಾಲ್ಕಾದರೆ 24. ಈ ಇಳಿಕೆಗೆ ಸ್ಲೋಪ್ ಎನ್ನುತ್ತಾರೆ.

ಒಂದೊಂದೇ ಭಾಗ ಹಾಕುವುದಾದರೆ ಲೆಕ್ಕವೂ ಸುಲಭ. 8 ಓಮ್ ಸ್ಪೀಕರ್, 2500 ಹರ್ಟ್ಸ್ ಕ್ರಾಸ್‌ಓವರ್ ಎಂದರೆ 8 ಮೈಕ್ರೋಫ್ಯಾರಡ್ ಕೆಪಾಸಿಟರ್, 0.5 ಮಿಲಿಹೆನ್ರಿ ಕಾಯಿಲ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ಆನ್‌ಲೈನ್‌ನಲ್ಲೋ ಸಿಗುವ ರೆಡಿ ಬೋರ್ಡುಗಳೂ ಇಂಥದೇ ಲೆಕ್ಕದ ಮೇಲೆ ನಿಂತಿವೆ. "2 ವೇ, 8 ಓಮ್, 3000 ಹರ್ಟ್ಸ್" ಅಂತ ಮೇಲೆ ಬರೆದಿರುತ್ತದೆ. ತಂದು ಜೋಡಿಸಿದರೆ ಸದ್ದೇನೋ ಬರುತ್ತದೆ. ಆದರೆ ಒಬ್ಬರ ಕಣ್ಣಿಗೆ ಮಾಡಿದ ಕನ್ನಡಕವನ್ನು ಇನ್ನೊಬ್ಬರು ಹಾಕಿಕೊಂಡ ಹಾಗೆ.

ಕಾರಣ, ಆ ಲೆಕ್ಕ ಸ್ಪೀಕರನ್ನು ಎಲ್ಲ ಫ್ರೀಕ್ವೆನ್ಸಿಯಲ್ಲೂ 8 ಓಮ್ ಇರುವ ಒಂದು ರೆಸಿಸ್ಟರ್ ಅಂತ ತಿಳಿದು ಮಾಡಿದ್ದು. ನಿಜವಾದ ವೂಫರ್ ಹಾಗಿರುವುದಿಲ್ಲ. ಮಲ್ಟಿಮೀಟರ್ ಇಟ್ಟರೆ ಸುಮಾರು 6 ಓಮ್ ತೋರಿಸುತ್ತದೆ. ಅದರ ರೆಸೊನೆನ್ಸ್, ಅಂದರೆ ಕೋನ್ ಸಹಜವಾಗಿ ಅಲುಗುವ ಫ್ರೀಕ್ವೆನ್ಸಿ, ಇರುವ ಬಾಸ್ ಜಾಗದಲ್ಲಿ 30 ಓಮ್ ದಾಟಬಹುದು. 2500 ಹರ್ಟ್ಸ್ ಹತ್ತಿರ, ಅದರೊಳಗಿನ ಕಾಯಿಲ್‌ನ ದೆಸೆಯಿಂದ, ಮತ್ತೆ ಮೇಲೇರುತ್ತಿರುತ್ತದೆ. ಹೀಗಾಗಿ ಬೋರ್ಡಿನ ಮೇಲೆ ಬರೆದ 3000 ಹರ್ಟ್ಸ್ ನಿಮ್ಮ ಪೆಟ್ಟಿಗೆಯಲ್ಲಿ 3000 ಆಗಿಯೇ ಉಳಿಯುವುದು ಅಪರೂಪ. ಈ ಏರಿಕೆಯನ್ನು ಸಮ ಮಾಡಲು ವೂಫರ್‌ಗೆ ಅಡ್ಡಲಾಗಿ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಜೋಡಿ ಹಾಕುವುದುಂಟು. ಅದಕ್ಕೆ ಜೋಬೆಲ್ ಎಂದು ಹೆಸರು.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಪ್ರತಿ ಡ್ರೈವರ್‌ಗೆ, ಅಂದರೆ ವೂಫರ್‌ಗೂ ಟ್ವೀಟರ್‌ಗೂ, ತನ್ನದೇ ಏರಿಳಿತ ಇರುತ್ತದೆ. ಟ್ವೀಟರ್ ತನ್ನ ರೆಸೊನೆನ್ಸ್‌ನಿಂದ ಕೆಳಗೆ ತಾನಾಗಿಯೇ ಇಳಿಯುತ್ತದೆ. ವೂಫರ್ ಮೇಲೆ ಹೋಗುತ್ತಾ ತಾನಾಗಿಯೇ ಸೋಲುತ್ತದೆ, ಸೋಲುವ ಮುಂಚೆ ಕೆಲವು ಸಲ ಒಂದೆರಡು ಕಡೆ ಎಗರುತ್ತದೆ. ಪೆಟ್ಟಿಗೆಯ ಪಾಲೂ ಇದೆ. ತಗ್ಗು ಸದ್ದು ಪೆಟ್ಟಿಗೆಯ ಹಿಂದಕ್ಕೂ ಸುತ್ತಿ ಹೋಗುತ್ತದೆ, ಮೇಲಿನ ಸದ್ದು ಮುಂದಿನ ಹಲಗೆಗೆ ತಾಗಿ ಮುಂದಕ್ಕೇ ಬರುತ್ತದೆ. ಇದರಿಂದ ತಗ್ಗು ಸದ್ದು ಹೆಚ್ಚೆಂದರೆ 6 ಡೆಸಿಬೆಲ್ ಸೊರಗುತ್ತದೆ. ಹಲಗೆ 20 ಸೆಂಟಿಮೀಟರ್ ಅಗಲ ಇದ್ದರೆ ಈ ಬದಲಾವಣೆಯ ನಡುಭಾಗ ಸುಮಾರು 575 ಹರ್ಟ್ಸ್‌ಗೆ ಬೀಳುತ್ತದೆ. ಬ್ಯಾಫಲ್ ಸ್ಟೆಪ್ ಅಂದರೆ ಇದೇ. ಹಾಡುವವರ ದನಿ ಸುಮ್ನೆ ತೆಳ್ಳಗೆ ಕೇಳುತ್ತಿದೆ ಅನಿಸಿದಾಗ ಕಾರಣ ಇಲ್ಲೇ ಇರಬಹುದು.

ಹಾಗಾಗಿ ಕ್ರಾಸ್‌ಓವರ್‌ನ ಸ್ಲೋಪನ್ನು ಸರ್ಕ್ಯೂಟ್ ಚಿತ್ರದಲ್ಲಿ ನೋಡಬಾರದು, ಗಾಳಿಯಲ್ಲಿ ನೋಡಬೇಕು. ಸರ್ಕ್ಯೂಟ್, ಡ್ರೈವರ್, ಪೆಟ್ಟಿಗೆ ಮೂರೂ ಸೇರಿ ಮೈಕ್ ಮುಂದೆ ಏನಾಗುತ್ತದೋ ಅದೇ ನಿಜವಾದ ಕ್ರಾಸ್‌ಓವರ್. ಕಾಗದದಲ್ಲಿ 12 ಡೆಸಿಬೆಲ್ ಇರುವ ಸರ್ಕ್ಯೂಟ್, ಟ್ವೀಟರ್‌ನ ಸಹಜ ಇಳಿಕೆ ಜೊತೆ ಸೇರಿ, ಗಾಳಿಯಲ್ಲಿ 24 ಡೆಸಿಬೆಲ್ ಆಗಬಹುದು. ಚೆನ್ನಾಗಿ ಬಲ್ಲವರು ಇದನ್ನು ಬೇಕೆಂದೇ ಬಳಸಿಕೊಂಡು ಭಾಗಗಳನ್ನು ಉಳಿಸುತ್ತಾರೆ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಬಿಬಿಸಿಯ ಎಲ್‌ಎಸ್3/5ಎ. 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು ಹೊರಾಂಗಣ ಪ್ರಸಾರದ ವ್ಯಾನಿನಂಥ ಇಕ್ಕಟ್ಟಿನ ಜಾಗಕ್ಕೆ ಅಂತ ಮಾಡಿದ ಪುಟ್ಟ ಮಾನಿಟರ್, ಅಂದರೆ ಸದ್ದನ್ನು ಪರೀಕ್ಷಿಸಿ ಕೇಳುವ ಸ್ಪೀಕರ್, ಇದು. ಒಂದಡಿ ಎತ್ತರದ ಪೆಟ್ಟಿಗೆ. ಒಳಗೆ ಕೆಇಎಫ್ ಕಂಪನಿಯ ಬಿ110 ವೂಫರ್, ಟಿ27 ಟ್ವೀಟರ್. ಕ್ರಾಸ್‌ಓವರ್ ಸುಮಾರು 3000 ಹರ್ಟ್ಸ್‌ನಲ್ಲಿ. ಇಷ್ಟು ಚಿಕ್ಕ ಸ್ಪೀಕರ್‌ಗೆ ಅಷ್ಟು ದೊಡ್ಡ ಬೋರ್ಡು ಯಾಕೆ ಎಂದು ಮೊದಲ ಸಲ ನೋಡಿದವರಿಗೆ ಆಶ್ಚರ್ಯ ಆಗುತ್ತದೆ. ಆ ಬೋರ್ಡು ಬರೀ ಹಂಚುತ್ತಿರಲಿಲ್ಲ. ವೂಫರ್ ನಡುವೆ ಎಗರುವ ಜಾಗವನ್ನು ತಗ್ಗಿಸುತ್ತಿತ್ತು, ಪೆಟ್ಟಿಗೆಯ ಪರಿಣಾಮವನ್ನು ಸರಿದೂಗಿಸುತ್ತಿತ್ತು. ಟ್ವೀಟರ್‌ನ ಮಟ್ಟ ಹೊಂದಿಸಲು ಒಂದು ಆಟೋಟ್ರಾನ್ಸ್‌ಫಾರ್ಮರ್ ಇತ್ತು, ಅದರ ಬೇರೆ ಬೇರೆ ಟ್ಯಾಪ್‌ಗಳಲ್ಲಿ ಆ ಟ್ವೀಟರ್‌ಗೆ ಸರಿಹೊಂದುವುದನ್ನು ಆರಿಸುತ್ತಿದ್ದರು. ಹಲಗೆಯ ಅಂಚಿನಿಂದ ಸದ್ದು ಚದುರದಂತೆ ಟ್ವೀಟರ್ ಸುತ್ತ ಫೆಲ್ಟ್ ಪಟ್ಟಿ ಅಂಟಿಸಿದ್ದರು. 1980ರ ದಶಕದ ಕೊನೆಗೆ ಅದರ ವೂಫರ್ ಬದಲಾದಾಗ ಹಳೆಯ ಬೋರ್ಡನ್ನೇ ಮುಂದುವರಿಸಲಿಲ್ಲ, ಹೊಸದನ್ನೇ ಮಾಡಿದರು. 15 ಓಮ್ ಇದ್ದ ಸ್ಪೀಕರ್ 11 ಓಮ್ ಆಯಿತು. ಇವತ್ತಿಗೂ ಇದರ ನಕಲನ್ನು ಮನೆಯಲ್ಲಿ ಕಟ್ಟುವವರಿದ್ದಾರೆ. ಅದೇ ಬೋರ್ಡಿಗೆ ಬೇರೆ ವೂಫರ್ ಸೇರಿಸಿದರೆ ಮಾತ್ರ ಅದು ಎಲ್‌ಎಸ್3/5ಎ ಆಗಿ ಉಳಿಯುವುದಿಲ್ಲ.

ಈಗ ಫೇಸ್, ಅಂದರೆ ಅಲೆಗಳ ಏರಿಳಿತ ಒಂದಕ್ಕೊಂದು ಹೊಂದುವ ವಿಚಾರ. ಕ್ರಾಸ್‌ಓವರ್ ಪಾಯಿಂಟಿನಲ್ಲಿ ಎರಡು ಡ್ರೈವರುಗಳು ಒಂದೇ ಸ್ವರವನ್ನು ಒಟ್ಟಿಗೆ ನುಡಿಸುತ್ತವೆ. ಎರಡರ ಅಲೆಯೂ ಒಟ್ಟಿಗೆ ಏರಿದರೆ ಕೂಡುತ್ತವೆ, ಒಂದು ಏರಿ ಇನ್ನೊಂದು ಇಳಿದರೆ ಅಳಿಸಿ ಹೋಗುತ್ತವೆ. 1976ರಲ್ಲಿ ಸೀಗ್‌ಫ್ರೀಡ್ ಲಿಂಕ್ವಿಟ್ಜ್ ಪ್ರಕಟಿಸಿದ ಲೇಖನದಿಂದ ಬಂದದ್ದು ಲಿಂಕ್ವಿಟ್ಜ್-ರೈಲಿ ಕ್ರಾಸ್‌ಓವರ್. ರಸ್ ರೈಲಿ ಅವರ ಸಹೋದ್ಯೋಗಿ. ಇದರಲ್ಲಿ ಕ್ರಾಸ್‌ಓವರ್ ಪಾಯಿಂಟ್‌ಗೆ ಬರುವಷ್ಟರಲ್ಲಿ ಪ್ರತಿ ಡ್ರೈವರೂ 6 ಡೆಸಿಬೆಲ್ ಇಳಿದಿರುತ್ತದೆ, ಎರಡರ ಫೇಸ್ ಒಂದೇ ಇರುತ್ತದೆ, ಕೂಡಿದರೆ ಮಟ್ಟಸವಾದ ಗೆರೆ ಬರುತ್ತದೆ. ಮನೆಯಲ್ಲಿ ಕಟ್ಟುವವರು ಬಹಳ ಮಂದಿ ಗುರಿ ಇಡುವುದು ಇದಕ್ಕೇ. ಆದರೆ ಡ್ರೈವರುಗಳ ಆಳ ಬೇರೆ ಬೇರೆ. 2500 ಹರ್ಟ್ಸ್ ಅಲೆ 13.7 ಸೆಂಟಿಮೀಟರ್. ವೂಫರ್‌ನ ಸದ್ದು ಹುಟ್ಟುವ ಜಾಗ ಎರಡೂವರೆ ಸೆಂಟಿಮೀಟರ್ ಹಿಂದಿದ್ದರೆ ಅಷ್ಟಕ್ಕೇ ಸುಮಾರು 65 ಡಿಗ್ರಿ ವ್ಯತ್ಯಾಸ ಆಗುತ್ತದೆ. ಇದು ಯಾವ ರೆಡಿ ಬೋರ್ಡಿಗೂ ಗೊತ್ತಿರುವುದಿಲ್ಲ.

ಗೊತ್ತು ಮಾಡಿಕೊಳ್ಳಲು ಇರುವ ದಾರಿ ಅಳತೆ. ಹಿಂದೆ ಇದಕ್ಕೆ ಲ್ಯಾಬ್ ಬೇಕಿತ್ತು. ಈಗ ಒಂದು ಅಳತೆಯ ಮೈಕ್, ಲ್ಯಾಪ್‌ಟಾಪ್ ಇದ್ದರೆ ಸಾಕು. ಆರ್‌ಇಡಬ್ಲ್ಯು, ವಿಟುಯಿಕ್ಸ್‌ಕ್ಯಾಡ್, ಎಕ್ಸ್‌ಸಿಮ್ ಎಲ್ಲವೂ ಉಚಿತವಾಗಿ ಸಿಗುವ ಸಾಫ್ಟ್‌ವೇರ್. ದುಬಾರಿ ಕೆಪಾಸಿಟರ್‌ಗೆ ಸುರಿಯುವ ದುಡ್ಡನ್ನು ಮೊದಲು ಮೈಕ್‌ಗೆ ಹಾಕಿ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಮೈಕ್ ಜೊತೆ ಅದರ ಏರುಪೇರನ್ನು ಸರಿಪಡಿಸುವ, ಅದರದೇ ಕ್ಯಾಲಿಬ್ರೇಶನ್ ಫೈಲ್ ಇರಲಿ.

ಅಳೆಯುವಾಗ ಡ್ರೈವರುಗಳು ತಮ್ಮ ಪೆಟ್ಟಿಗೆಯಲ್ಲೇ ಇರಬೇಕು. ಮೈಕ್ ಒಂದು ಮೀಟರ್ ದೂರದಲ್ಲಿ, ಟ್ವೀಟರ್ ಎತ್ತರಕ್ಕೆ ಇರಲಿ. ಎರಡನ್ನೂ ಒಂದೊಂದಾಗಿ ಅಳೆಯಿರಿ, ನಡುವೆ ಮೈಕನ್ನು ಅಲುಗಿಸಬೇಡಿ. ಅಲುಗಿಸಿದರೆ ಫೇಸ್ ಲೆಕ್ಕ ಕೆಟ್ಟು ಹೋಗುತ್ತದೆ. ಯುಎಸ್‌ಬಿ ಮೈಕ್ ಆದರೆ ಸದ್ದು ಬಂದ ಹೊತ್ತನ್ನು ಸರಿಯಾಗಿ ಗುರುತಿಸಲು ಆರ್‌ಇಡಬ್ಲ್ಯುನಲ್ಲಿರುವ ಅಕೌಸ್ಟಿಕ್ ಟೈಮಿಂಗ್ ರೆಫರೆನ್ಸ್ ಬಳಸಿ. ಕ್ರಾಸ್‌ಓವರ್ ಇಲ್ಲದ ಬರೀ ಟ್ವೀಟರ್‌ಗೆ ಸ್ವೀಪ್, ಅಂದರೆ ತಗ್ಗಿನಿಂದ ಮೇಲಕ್ಕೆ ಏರುವ ಪರೀಕ್ಷೆಯ ಸದ್ದು, ಕೊಡುವಾಗ ಕಡಿಮೆ ದನಿಯಲ್ಲಿ, ತಗ್ಗು ಸದ್ದನ್ನು ಬಿಟ್ಟು, 500 ಹರ್ಟ್ಸ್ ಮೇಲಿನಿಂದ ಶುರು ಮಾಡಿ.

ಮನೆಯ ಕೋಣೆ ಅಡ್ಡ ಬರುವುದು ನಿಜ. ಸ್ಪೀಕರ್, ಮೈಕ್ ಎರಡೂ ನೆಲದಿಂದ 1.2 ಮೀಟರ್ ಮೇಲೆ, ನಡುವೆ ಒಂದು ಮೀಟರ್ ಎಂದಿಟ್ಟುಕೊಳ್ಳಿ. ನೆಲಕ್ಕೆ ತಾಗಿ ಬರುವ ಸದ್ದಿನ ದಾರಿ 2.6 ಮೀಟರ್. ನೇರ ಸದ್ದಿಗಿಂತ ಅದು ಸುಮಾರು 4.7 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಗೋಡೆಗಳು ಇನ್ನೂ ದೂರ ಇದ್ದರೆ, ಅಷ್ಟು ಹೊತ್ತಿನ ಸದ್ದನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಸಾಫ್ಟ್‌ವೇರ್‌ನಲ್ಲಿ ಕತ್ತರಿಸಬಹುದು. ಗೇಟಿಂಗ್ ಅಂದರೆ ಇದು. ಆಗ ಸುಮಾರು 215 ಹರ್ಟ್ಸ್ ಮೇಲಿನ ಅಳತೆಯನ್ನು ನಂಬಬಹುದು, ಕ್ರಾಸ್‌ಓವರ್‌ಗೆ ಅಷ್ಟು ಸಾಕು. ಅದರ ಕೆಳಗಿನದಕ್ಕೆ ಮೈಕನ್ನು ವೂಫರ್ ಕೋನ್ ಹತ್ತಿರ, ಕೆಲವೇ ಮಿಲಿಮೀಟರ್ ದೂರಕ್ಕೆ ಒಯ್ದು ಬೇರೆಯಾಗಿ ಅಳೆದು ಜೋಡಿಸುತ್ತಾರೆ.

ವೂಫರ್, ಟ್ವೀಟರ್ ಅಳೆದು ಬಂದ ಎರಡು ಗೆರೆಗಳ ಜೊತೆ ಪ್ರತಿ ಡ್ರೈವರ್‌ನ ಇಂಪೀಡೆನ್ಸ್ ಗೆರೆಯನ್ನೂ, ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಓಮ್ ಎಂಬುದನ್ನೂ, ಸಾಫ್ಟ್‌ವೇರ್‌ಗೆ ಕೊಟ್ಟರೆ, ಬೆಸುಗೆ ಹಾಕುವ ಮೊದಲೇ ಪರದೆಯ ಮೇಲೆ ಭಾಗಗಳನ್ನು ಬದಲಿಸಿ ನೋಡಬಹುದು. ಹಾಗೆ ನೋಡುವಾಗ ಒಟ್ಟು ಇಂಪೀಡೆನ್ಸ್ ಆಂಪ್ಲಿಫೈಯರ್ ತಡೆಯುವ ಮಟ್ಟಕ್ಕಿಂತ ಕೆಳಗೆ ಇಳಿಯದ ಹಾಗೆ ಕಣ್ಣಿಡಿ.

ಕಟ್ಟಿದ ಮೇಲೆ ಮತ್ತೆ ಅಳೆಯಬೇಕು. ಇಲ್ಲಿ ಒಂದು ಸೊಗಸಾದ ಪರೀಕ್ಷೆ ಇದೆ. ಟ್ವೀಟರ್‌ನ ಎರಡು ತಂತಿಗಳನ್ನು ಅದಲು ಬದಲು ಮಾಡಿ ಅಳೆಯಿರಿ. ಕ್ರಾಸ್‌ಓವರ್ ಪಾಯಿಂಟಿನಲ್ಲಿ ಆಳವಾದ ಗುಂಡಿ ಬಿದ್ದರೆ ಎರಡೂ ಡ್ರೈವರುಗಳ ಫೇಸ್ ಚೆನ್ನಾಗಿ ಹೊಂದಿದೆ ಅಂತ ಅರ್ಥ. ಗುಂಡಿ ಆಳವಿಲ್ಲದೆ ಓರೆಯಾಗಿದ್ದರೆ ಕೆಲಸ ಇನ್ನೂ ಬಾಕಿ ಇದೆ. ತಂತಿಗಳನ್ನು ಸರಿಯಾಗಿ ಹಾಕಿ, 15, 30, 45 ಡಿಗ್ರಿ ಪಕ್ಕದಿಂದಲೂ ಅಳೆದು ನೋಡಿ. ಕೋಣೆಯಲ್ಲಿ ನಾವು ಕೇಳುವ ಸದ್ದಿನಲ್ಲಿ ಆ ಪಕ್ಕದ ಸದ್ದೂ ಸಾಕಷ್ಟು ಇರುತ್ತದೆ.

ಕಿವಿಗೆ ಉಳಿಯುವ ಕೆಲಸ ಟ್ವೀಟರ್‌ನ ಮಟ್ಟ. ಅದರ ಸಾಲಿನ ರೆಸಿಸ್ಟರನ್ನು ಅರ್ಧ ಓಮ್ ಬದಲಿಸಿದರೂ ಗಾಯಕಿಯ "ಸ"ಕಾರ, ವೀಣೆಯ ಮೀಟು ಬೇರೆಯಾಗಿ ಕೇಳಬಹುದು. ನಿಮಗೆ ಚೆನ್ನಾಗಿ ಗೊತ್ತಿರುವ ಹಾಡುಗಳನ್ನು ಕೆಲವು ದಿನ ಕೇಳಿ ತೀರ್ಮಾನಿಸಿ. ಬೋರ್ಡಿನ ಮೇಲೆ ಭಾಗಗಳನ್ನು ಕೂರಿಸುವಾಗ ಪ್ಲಸ್ ಮೈನಸ್ ಇರುವ ಕೆಪಾಸಿಟರ್ ಬಳಸಬೇಡಿ, ನಾನ್ ಪೋಲಾರ್ ಅಥವಾ ಫಿಲ್ಮ್ ಇರಲಿ. ಎರಡು ಕಾಯಿಲ್‌ಗಳನ್ನು ಅಕ್ಕಪಕ್ಕ ಒಂದೇ ದಿಕ್ಕಿಗೆ ಇಡಬೇಡಿ. ಒಂದನ್ನು ಮಲಗಿಸಿ, ಇನ್ನೊಂದನ್ನು ನಿಲ್ಲಿಸಿ, ನಡುವೆ ಜಾಗ ಬಿಡಿ. ಇಲ್ಲದಿದ್ದರೆ ಒಂದರ ಕಾಂತಕ್ಷೇತ್ರ ಇನ್ನೊಂದಕ್ಕೆ ಹರಿದು, ವೂಫರ್‌ನ ಸದ್ದು ಟ್ವೀಟರ್ ಸಾಲಿಗೆ ಸೋರುತ್ತದೆ.