ಕಲ್ಚರ್ ವಾರ್: ಅಮೆರಿಕದ ಒಂದು ಜಗಳಕ್ಕೆ ಇಟ್ಟ ಹೆಸರು

ಅಮೆರಿಕದ ಸುದ್ದಿ ಓದುವವರಿಗೆ 'ಕಲ್ಚರ್ ವಾರ್' ಅನ್ನುವ ಮಾತು ಪದೇ ಪದೇ ಎದುರಾಗುತ್ತದೆ. ಕನ್ನಡದಲ್ಲಿ ಇದನ್ನು 'ಸಾಂಸ್ಕೃತಿಕ ಯುದ್ಧ' ಎಂದೋ 'ಸಂಸ್ಕೃತಿ ಸಮರ' ಎಂದೋ ಬರೆಯುತ್ತೇವೆ. ತಪ್ಪೇನಲ್ಲ. ಆದರೆ 'ಸಾಂಸ್ಕೃತಿಕ' ಅಂದ ಕೂಡಲೇ ನಮಗೆ ನೆನಪಾಗುವುದು ಸಂಜೆಯ ಕಾರ್ಯಕ್ರಮ, ಭರತನಾಟ್ಯ, ಸುಗಮ ಸಂಗೀತ. 'ಅವನಿಗೆ ಸಂಸ್ಕೃತಿ ಇಲ್ಲ' ಅಂದರೆ ನಡತೆ ಸರಿಯಿಲ್ಲ ಅಂತ ಅರ್ಥ. ಈ ಎರಡು ಅರ್ಥ ಇಟ್ಟುಕೊಂಡು ಅಮೆರಿಕದ ಸುದ್ದಿ ಓದಿದರೆ ದಾರಿ ತಪ್ಪುತ್ತದೆ.

ಅಲ್ಲಿನ 'ಕಲ್ಚರ್' ಬೇರೆ. ಸಂಸಾರ ಅಂದರೆ ಯಾರ್ಯಾರು? ಗಂಡು, ಹೆಣ್ಣು ಅಂದರೆ ಏನು? ಹೊಟ್ಟೆಯಲ್ಲಿರುವ ಭ್ರೂಣ ಯಾವಾಗಿನಿಂದ ಮನುಷ್ಯ? ಶಾಲೆಯಲ್ಲಿ ದೇವರ ಪ್ರಾರ್ಥನೆಗೆ ಜಾಗ ಇದೆಯೋ ಇಲ್ಲವೋ? ಗುಲಾಮಗಿರಿಯ ಚರಿತ್ರೆಯನ್ನು ಮಕ್ಕಳಿಗೆ ಹೇಗೆ ಹೇಳಬೇಕು? ಇವೆಲ್ಲ ಸೇರಿದರೆ 'ಹೇಗೆ ಬಾಳಬೇಕು' ಅನ್ನುವ ಒಂದು ತಿಳುವಳಿಕೆ ಆಗುತ್ತದೆ, ಅಲ್ವಾ? ಆ ತಿಳುವಳಿಕೆಯನ್ನು ಗೊತ್ತುಮಾಡುವ ಹಕ್ಕು ಯಾರದ್ದು ಅನ್ನುವ ಜಗಳಕ್ಕೆ ಕಲ್ಚರ್ ವಾರ್ ಅನ್ನುತ್ತಾರೆ. ಇಲ್ಲಿ 'ಹಕ್ಕು ಯಾರದ್ದು' ಅನ್ನುವುದನ್ನು ಮರೆಯಬೇಡಿ. ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಪದದ ತವರು ಜರ್ಮನಿ. 1870ರ ದಶಕದಲ್ಲಿ ಅಲ್ಲಿನ ಚಾನ್ಸಲರ್ ಬಿಸ್ಮಾರ್ಕ್ ಸರ್ಕಾರಕ್ಕೂ ಕ್ಯಾಥೊಲಿಕ್ ಚರ್ಚಿಗೂ ದೊಡ್ಡ ತಿಕ್ಕಾಟ ನಡೆಯಿತು. ಶಾಲೆಗಳ ಮೇಲ್ವಿಚಾರಣೆ ಯಾರದ್ದು, ಪಾದ್ರಿಗಳಿಗೆ ತರಬೇತಿ ಕೊಡುವವರು ಯಾರು, ಮದುವೆ ನೋಂದಣಿ ಯಾರ ಕೈಯಲ್ಲಿ ಅನ್ನುವುದು ಅದರ ವಿಷಯ. ವೈದ್ಯನೂ ರಾಜಕಾರಣಿಯೂ ಆಗಿದ್ದ ರುಡಾಲ್ಫ್ ಫಿರ್ಶೋ 1873ರಲ್ಲಿ ಜರ್ಮನಿಯ ದೊಡ್ಡ ರಾಜ್ಯವಾದ ಪ್ರಷ್ಯಾದ ಶಾಸನಸಭೆಯಲ್ಲಿ ಇದನ್ನು 'ಕುಲ್ಟುರ್‌ಕಾಂಪ್ಫ್' ಎಂದು ಕರೆದ. ಸಂಸ್ಕೃತಿಯ ಹೋರಾಟ ಅಂತ ಅರ್ಥ.

ಅಮೆರಿಕದಲ್ಲಿ ಈ ಮಾತನ್ನು ಮನೆಮಾತು ಮಾಡಿದ್ದು ವರ್ಜೀನಿಯಾ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೇಮ್ಸ್ ಡೇವಿಸನ್ ಹಂಟರ್. 1991ರಲ್ಲಿ ಅವರು ಇದೇ ಹೆಸರಿನ ಪುಸ್ತಕ ಬರೆದರು. ಅವರು ಕಂಡುಕೊಂಡಿದ್ದು ದೊಡ್ಡ ವಿಷಯ. ಹಿಂದೆ ಅಮೆರಿಕದಲ್ಲಿ ಪ್ರಾಟೆಸ್ಟೆಂಟರು ಮತ್ತು ಕ್ಯಾಥೊಲಿಕರು ಎದುರುಬದುರು ನಿಂತು ಹೊಡೆದಾಡಿದ್ದರು. 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಶಾಲೆಯಲ್ಲಿ ಯಾವ ಬೈಬಲ್ ಓದಬೇಕು ಅನ್ನುವ ವಿಷಯವೂ ಸೇರಿ ಗಲಭೆ ಎದ್ದಿತ್ತು. ಕ್ಯಾಥೊಲಿಕ್ ಚರ್ಚುಗಳು ಸುಟ್ಟುಹೋದವು. ಜನ ಸತ್ತರು. ಆದರೆ ಹಂಟರ್ ಬರೆಯುವ ಹೊತ್ತಿಗೆ ಗೆರೆ ಬೇರೆ ಕಡೆ ಬಿದ್ದಿತ್ತು. ಸಂಪ್ರದಾಯಸ್ಥ ಕ್ಯಾಥೊಲಿಕರು, ಸಂಪ್ರದಾಯಸ್ಥ ಪ್ರಾಟೆಸ್ಟೆಂಟರು, ಸಂಪ್ರದಾಯಸ್ಥ ಯಹೂದಿಗಳು ಒಂದು ಕಡೆ ಸೇರಿದ್ದರು. ಅದೇ ಮೂರು ಧರ್ಮಗಳ ಉದಾರವಾದಿಗಳು ಇನ್ನೊಂದು ಕಡೆ. ಒಂದು ಬಣಕ್ಕೆ ಸರಿ-ತಪ್ಪು ಅನ್ನುವುದು ಮನುಷ್ಯನಿಗಿಂತ ಮೇಲಿನಿಂದ ಬಂದದ್ದು, ಬದಲಾಗದ್ದು. ಇನ್ನೊಂದು ಬಣಕ್ಕೆ ಅದು ಕಾಲ, ಅನುಭವ, ವಿಚಾರದ ಜೊತೆ ಬೆಳೆಯುವಂಥದ್ದು. ಹೊರಗೆ ಗರ್ಭಪಾತ, ಪ್ರಾರ್ಥನೆ, ಪಠ್ಯಪುಸ್ತಕ ಅಂತ ಬೇರೆ ಬೇರೆ ಜಗಳಗಳಾಗಿ ಕಂಡರೂ ಒಳಗಿನ ಬೇರು ಇದೊಂದೇ ಎಂದು ಹಂಟರ್ ಹೇಳಿದರು.

ಮರುವರ್ಷವೇ ಪದ ರಾಜಕಾರಣಿಗಳ ಬಾಯಿಗೆ ಬಿತ್ತು. 1992ರ ಆಗಸ್ಟ್ 17ರಂದು ಹ್ಯೂಸ್ಟನ್‌ನಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶ. ಅಲ್ಲಿ, ಆ ವರ್ಷ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಹೊರಟು ಸೋತಿದ್ದ ಪ್ಯಾಟ್ ಬುಕಾನನ್, ಈ ದೇಶದಲ್ಲಿ ಒಂದು ಧಾರ್ಮಿಕ ಯುದ್ಧ ನಡೆಯುತ್ತಿದೆ, ಅದು ಸಾಂಸ್ಕೃತಿಕ ಯುದ್ಧ, ಅಮೆರಿಕದ ಆತ್ಮಕ್ಕಾಗಿ ನಡೆಯುವ ಯುದ್ಧ ಎಂದು ಸಾರಿದರು. ವಿದ್ವಾಂಸ ಒಂದು ಕಾಯಿಲೆಯನ್ನು ಗುರುತಿಸಲು ಬಳಸಿದ ಮಾತು ಒಂದೇ ವರ್ಷದಲ್ಲಿ ಸೈನ್ಯ ಕಟ್ಟುವ ಕೂಗಾಯಿತು. ಇವತ್ತಿಗೂ ಈ ಪದಕ್ಕೆ ಎರಡೂ ಮುಖ ಇದೆ. ಓದುವಾಗ ಯಾರು ಬಳಸುತ್ತಿದ್ದಾರೆ ಎಂದು ನೋಡಿಕೊಳ್ಳಬೇಕು.

ಈ ಜಗಳಗಳು ಸುತ್ತಿ ಸುತ್ತಿ ಶಾಲೆಗೇ ಏಕೆ ಬರುತ್ತವೆ? ಅದಕ್ಕೆ ಅಲ್ಲಿನ ವ್ಯವಸ್ಥೆ ಸ್ವಲ್ಪ ಗೊತ್ತಿರಬೇಕು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ ಹಾಗೆ ಮೇಲಿನಿಂದ ಒಂದೇ ಪಠ್ಯಪುಸ್ತಕ ಬರುವ ಪದ್ಧತಿ ಅಲ್ಲಿಲ್ಲ. ಶಾಲೆಗಳನ್ನು ನಡೆಸುವ ಸ್ಥಳೀಯ ಘಟಕಗಳೇ, ಅಂದರೆ ಶಾಲಾ ಜಿಲ್ಲೆಗಳೇ ಸಾವಿರಾರು ಇವೆ. ಹೆಚ್ಚಿನ ಕಡೆ ಊರಿನವರೇ ಮತ ಹಾಕಿ ಶಾಲಾ ಮಂಡಳಿಯನ್ನು ಆರಿಸುತ್ತಾರೆ. ಹಾಗಾಗಿ ಮಗು ಏನು ಓದುತ್ತದೆ ಅನ್ನುವುದು ಪಕ್ಕದ ಬೀದಿಯವರ ಜೊತೆಗಿನ ಜಗಳವಾಗುತ್ತದೆ. ಎದುರಾಳಿ ಎಲ್ಲೋ ದೂರದಲ್ಲಿಲ್ಲ, ದಿನವೂ ಕಣ್ಣಿಗೆ ಬೀಳುವವನು.

1974ರ ಕನಾವಾ ಕೌಂಟಿಯ ಕಥೆ ನನ್ನ ಮಟ್ಟಿಗೆ ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ. ಇದು ವೆಸ್ಟ್ ವರ್ಜೀನಿಯಾದಲ್ಲಿದೆ, ಕಲ್ಲಿದ್ದಲು ಗಣಿಗಳ ಸೀಮೆ. ಅಲ್ಲಿನ ಶಾಲಾ ಮಂಡಳಿ ಇಂಗ್ಲಿಷ್ ಪಾಠಕ್ಕೆ 300ಕ್ಕೂ ಹೆಚ್ಚು ಹೊಸ ಪುಸ್ತಕಗಳನ್ನು ಆರಿಸಿತು. ಅವುಗಳಲ್ಲಿ ಕಪ್ಪು ಜನಾಂಗದ ಲೇಖಕರ ಬರಹಗಳಿದ್ದವು. ಬೇರೆ ಬೇರೆ ಸಮುದಾಯದ ದನಿಗಳಿದ್ದವು. ಮಂಡಳಿಯ ಸದಸ್ಯೆ ಆಲಿಸ್ ಮೂರ್ ಇದನ್ನು ವಿರೋಧಿಸಿದರು. ಪುಸ್ತಕಗಳು ದೇವರನ್ನು, ದೇಶವನ್ನು, ತಂದೆತಾಯಿಯರ ಮಾತನ್ನು ಹಗುರ ಮಾಡುತ್ತವೆ ಅನ್ನುವುದು ವಿರೋಧಿಗಳ ದೂರು. ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾದಾಗ ಸಾವಿರಾರು ಮಕ್ಕಳು ಮನೆಯಲ್ಲೇ ಉಳಿದರು. ಗಣಿ ಕಾರ್ಮಿಕರು ಬೆಂಬಲಕ್ಕೆ ಕೆಲಸ ನಿಲ್ಲಿಸಿದರು. ಆಮೇಲೆ ಶಾಲಾ ಬಸ್ಸುಗಳಿಗೆ ಗುಂಡು ಬಿತ್ತು. ಶಾಲೆಗಳಿಗೆ ಡೈನಮೈಟ್ ಇಟ್ಟರು. ಮಂಡಳಿಯ ಕಚೇರಿಯಲ್ಲೂ ಸ್ಫೋಟ ಆಯಿತು. ಸಂಚಿನಲ್ಲಿ ಪಾಲಿದ್ದ ಒಬ್ಬ ಪಾದ್ರಿಗೆ ಜೈಲಾಯಿತು.

ಮಕ್ಕಳ ಹಿತಕ್ಕಾಗಿ ಶುರುವಾದ ಹೋರಾಟ ಮಕ್ಕಳ ಬಸ್ಸಿಗೇ ಗುಂಡು ಹೊಡೆಯುವ ಮಟ್ಟಕ್ಕೆ ಹೇಗೆ ಹೋಯಿತು? ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸುಮ್ನೆ 'ಹಳ್ಳಿ ಜನರ ಮೂಢತನ' ಎಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಗಣಿಗಳ ಕಣಿವೆಯಲ್ಲಿ ಬದುಕುವ ಆ ಅಪ್ಪ ಅಮ್ಮಂದಿರಿಗೆ, ಓದಿದವರು ನಮ್ಮನ್ನು ಕೀಳಾಗಿ ಕಾಣುತ್ತಾರೆ ಅನ್ನುವ ನೋವು ಮೊದಲಿನಿಂದಲೂ ಇತ್ತು. ಪುಸ್ತಕ ಆರಿಸಿದವರಿಗೆ, ಇಷ್ಟು ದಿನ ತರಗತಿಯಿಂದ ಹೊರಗಿಟ್ಟ ಜನರ ದನಿಯೂ ಮಕ್ಕಳಿಗೆ ಕೇಳಬೇಕು ಅನ್ನುವ ಪ್ರಾಮಾಣಿಕ ಆಸೆ ಇತ್ತು. ಪುಸ್ತಕದ ವಿಷಯದಲ್ಲಿ ನಾನು ಎರಡನೆಯವರ ಕಡೆ. ಆದರೆ ಮೊದಲನೆಯವರ ನೋವು ಸುಳ್ಳಲ್ಲ. ಡೈನಮೈಟ್ ಇಟ್ಟವರು ಆ ನೋವನ್ನು ಬಳಸಿಕೊಂಡರು.

ಬೇರೆ ರಾಜಕೀಯ ಜಗಳಗಳಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ತೆರಿಗೆ ನೂರಕ್ಕೆ 30 ಇರಲಿ ಅಂತ ಒಬ್ಬ, 20 ಸಾಕು ಅಂತ ಇನ್ನೊಬ್ಬ. 25ಕ್ಕೆ ಕೂತು ಮುಗಿಸಬಹುದು. ಗರ್ಭಪಾತ ಕೊಲೆ ಅಂತ ನಂಬಿದವನಿಗೂ, ಅದು ಹೆಣ್ಣಿನ ಮೈಮೇಲಿನ ಹಕ್ಕು ಅಂತ ನಂಬಿದವಳಿಗೂ ನಡುವಿನ ಅಂಕಿ ಯಾವುದು?

ಹಾಗಂತ ಈ ಬಣಗಳು ಹುಟ್ಟಿನಿಂದಲೇ ಹೀಗಿದ್ದವು ಎಂದು ತಿಳಿಯಬೇಡಿ. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 'ರೋ' ಮೊಕದ್ದಮೆಯಲ್ಲಿ ಗರ್ಭಪಾತದ ಹಕ್ಕನ್ನು ಒಪ್ಪಿತು. ಪರವಾಗಿದ್ದ 7 ನ್ಯಾಯಮೂರ್ತಿಗಳಲ್ಲಿ 5 ಜನ ರಿಪಬ್ಲಿಕನ್ ಅಧ್ಯಕ್ಷರು ನೇಮಿಸಿದವರು. ವಿರೋಧಿಸಿದ ಇಬ್ಬರಲ್ಲಿ ಒಬ್ಬರು ಡೆಮಾಕ್ರಟಿಕ್ ಅಧ್ಯಕ್ಷ ಕೆನಡಿ ನೇಮಿಸಿದವರು. ಅಂದರೆ ಪಕ್ಷಕ್ಕೂ ಈ ನಂಬಿಕೆಗೂ ಆಗ ಗಂಟು ಬಿದ್ದಿರಲಿಲ್ಲ. 1979ರಲ್ಲಿ ಪಾದ್ರಿ ಜೆರ‍್ರಿ ಫಾಲ್ವೆಲ್ 'ಮಾರಲ್ ಮೆಜಾರಿಟಿ' ಅನ್ನುವ ಸಂಘಟನೆ ಕಟ್ಟಿದರು. ಚರ್ಚಿನ ಮತಗಳು ರಿಪಬ್ಲಿಕನ್ ಪಕ್ಷದ ಕಡೆ ಹರಿಯತೊಡಗಿದವು. 2022ರ ಜೂನ್ 24ರಂದು ಅದೇ ಕೋರ್ಟು ರೋ ತೀರ್ಪನ್ನು ರದ್ದು ಮಾಡಿತು. ಆಗ ರದ್ದು ಮಾಡಿದವರೆಲ್ಲ ರಿಪಬ್ಲಿಕನ್ ಅಧ್ಯಕ್ಷರು ನೇಮಿಸಿದವರು. ಡೆಮಾಕ್ರಟಿಕ್ ಅಧ್ಯಕ್ಷರು ನೇಮಿಸಿದ ಮೂವರೂ ವಿರೋಧಿಸಿದರು. 49 ವರ್ಷಗಳಲ್ಲಿ ನಂಬಿಕೆಯ ಗೆರೆ ಮತ್ತು ಪಕ್ಷದ ಗೆರೆ ಒಂದರ ಮೇಲೊಂದು ಕೂತವು.

ಹೀಗೆ ಗೆರೆಗಳು ಒಂದಾಗಿ ಜನ ಎರಡು ತುದಿಗೆ ಸರಿಯುವುದಕ್ಕೆ ಧ್ರುವೀಕರಣ ಅನ್ನುತ್ತಾರೆ. ಇದರಲ್ಲೂ ಎರಡು ಬಗೆ. ಒಂದು, ಅಭಿಪ್ರಾಯ ದೂರವಾಗುವುದು. ಇನ್ನೊಂದು, ಮನಸ್ಸು ದೂರವಾಗುವುದು. ಎರಡನೆಯದನ್ನು ಅಳೆಯಲು ಸ್ಟ್ಯಾನ್‌ಫರ್ಡ್‌ನ ಶಾಂತೋ ಅಯ್ಯಂಗಾರ್ ಮತ್ತು ಜೊತೆಗಾರರು ಒಂದು ಹಳೆಯ ಪ್ರಶ್ನೆಯನ್ನು ಹಿಡಿದರು. ನಿಮ್ಮ ಮಗ ಅಥವಾ ಮಗಳು ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಬೇಸರವೇ? 1960ರಲ್ಲಿ ಹೌದು ಅಂದವರು ಎರಡೂ ಪಕ್ಷಗಳಲ್ಲಿ ನೂರಕ್ಕೆ ಸುಮಾರು 5 ಜನ. 2010ರಲ್ಲಿ ರಿಪಬ್ಲಿಕನ್ನರಲ್ಲಿ ಹತ್ತಿರ ಹತ್ತಿರ ಅರ್ಧ, ಡೆಮಾಕ್ರಟರಲ್ಲಿ ಸುಮಾರು ಮೂರನೇ ಒಂದು ಭಾಗ. ಬೀಗತನಕ್ಕೆ ಮುಂಚೆ ಏನೇನು ವಿಚಾರಿಸುತ್ತಾರೆ ಎಂದು ಬಲ್ಲ ನಮಗೆ ಇದರ ಭಾರ ಬೇಗ ಅರ್ಥವಾಗುತ್ತದೆ. ಪಕ್ಷ ಅನ್ನುವುದು ಮತ ಹಾಕುವ ದಿನದ ಆಯ್ಕೆಯಾಗಿ ಉಳಿಯಲಿಲ್ಲ. ಕುಲದ ಹಾಗೆ ಆಯಿತು.

ಈ ಮಾತಿಗೆ ಆಕ್ಷೇಪವೂ ಇದೆ. ರಾಜಕೀಯ ಶಾಸ್ತ್ರಜ್ಞ ಮಾರಿಸ್ ಫಿಯೊರಿನಾ 2004ರಿಂದಲೇ ಹೇಳುತ್ತ ಬಂದಿದ್ದಾರೆ: ಸಾಮಾನ್ಯ ಅಮೆರಿಕನ್ನರು ಹೆಚ್ಚಿನ ವಿಷಯಗಳಲ್ಲಿ ಈಗಲೂ ನಡುವೆಯೇ ಇದ್ದಾರೆ, ತುದಿಗೆ ಹೋದವರು ಪಕ್ಷದ ಮುಖಂಡರು ಮತ್ತು ಕಾರ್ಯಕರ್ತರು. ನನಗೆ ಈ ಎರಡೂ ಮಾತು ನಿಜ ಅನ್ನಿಸುತ್ತದೆ. ಗರ್ಭಪಾತದ ಬಗ್ಗೆ ನಡುವಿನ ಅಭಿಪ್ರಾಯ ಇಟ್ಟುಕೊಂಡವನೇ ಎದುರು ಪಕ್ಷದ ಅಳಿಯನನ್ನು ಒಲ್ಲೆ ಅನ್ನಬಹುದು.

ಇನ್ನು ಹಿಂಸೆ. 'ವಾರ್' ಅನ್ನುವುದು ಮೊದಲು ಬರೀ ಹೋಲಿಕೆ. ಆದರೆ 1993ರ ಮಾರ್ಚ್‌ನಲ್ಲಿ ಫ್ಲಾರಿಡಾದ ಪೆನ್ಸಕೋಲಾದಲ್ಲಿ ಗರ್ಭಪಾತ ಮಾಡುತ್ತಿದ್ದ ಡಾಕ್ಟರ್ ಡೇವಿಡ್ ಗನ್ ಅವರನ್ನು ಗುಂಡಿಟ್ಟು ಕೊಂದರು. 2009ರಲ್ಲಿ ಕ್ಯಾನ್ಸಸ್‌ನ ವಿಚಿಟಾದಲ್ಲಿ ಡಾಕ್ಟರ್ ಜಾರ್ಜ್ ಟಿಲ್ಲರ್ ಸತ್ತದ್ದು ತಮ್ಮದೇ ಚರ್ಚಿನೊಳಗೆ, ಭಾನುವಾರದ ಪ್ರಾರ್ಥನೆಯ ಹೊತ್ತಿನಲ್ಲಿ. 2025ರ ಜೂನ್ 14ರಂದು ಮಿನೆಸೋಟಾದಲ್ಲಿ ಡೆಮಾಕ್ರಟಿಕ್ ನಾಯಕಿ ಮೆಲಿಸಾ ಹಾರ್ಟ್‌ಮನ್ ಮತ್ತು ಅವರ ಗಂಡನನ್ನು ಮನೆಯಲ್ಲೇ ಕೊಂದರು. ಕೊಲೆಗಾರ ಪೊಲೀಸ್ ವೇಷದಲ್ಲಿ ಬಂದಿದ್ದ. ಅದೇ ವರ್ಷ ಸೆಪ್ಟೆಂಬರ್ 10ರಂದು ಯೂಟಾದ ವಿಶ್ವವಿದ್ಯಾಲಯವೊಂದರ ಬಯಲಿನಲ್ಲಿ ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರಿಸುತ್ತಿದ್ದಾಗ ಸಂಪ್ರದಾಯವಾದಿ ನಾಯಕ ಚಾರ್ಲಿ ಕರ್ಕ್ ಗುಂಡಿಗೆ ಬಲಿಯಾದರು. ಅವರಿಗೆ ಬರೀ 31 ವರ್ಷ.

ಹಂಟರ್ ಈ ಸಂಬಂಧವನ್ನು ಬಹಳ ಎಚ್ಚರದಿಂದ ವಿವರಿಸುತ್ತಾರೆ. ಎಲ್ಲ ಕಲ್ಚರ್ ವಾರ್‌ಗಳೂ ಗುಂಡಿನಲ್ಲಿ ಮುಗಿಯುವುದಿಲ್ಲ. ಆದರೆ ಗುಂಡು ಹಾರುವ ಮುಂಚೆ ಕಲ್ಚರ್ ವಾರ್ ನಡೆದಿರುತ್ತದೆ, ಯಾಕೆಂದರೆ ಕೊಲ್ಲುವವನಿಗೆ ಒಂದು ಸಮರ್ಥನೆ ಬೇಕು. 'ಅವರು ತಪ್ಪು' ಅನ್ನುವುದರಿಂದ 'ಅವರು ಕೆಟ್ಟವರು', ಅಲ್ಲಿಂದ 'ಅವರು ಬದುಕಿದ್ದರೆ ನಮಗೆ ಉಳಿವಿಲ್ಲ' ಅನ್ನುವವರೆಗೆ ಮಾತು ಮೊದಲು ನಡೆದು ಹೋಗಿರುತ್ತದೆ. ಕೈ ಎತ್ತುವವನು ಒಬ್ಬ. ದಾರಿ ತುಳಿದು ಸವೆಸಿದವರು ಬಹಳ ಜನ.

ಇಲ್ಲೇ ಪದವನ್ನು ಬಳಸುವಾಗ ಒಂದು ಎಚ್ಚರ ಬೇಕು. ರಾಜಕಾರಣಿಯ ಮೇಲೆ ನಡೆದ ಪ್ರತಿ ದಾಳಿಯೂ ಕಲ್ಚರ್ ವಾರ್ ಅಲ್ಲ. 2024ರ ಜುಲೈನಲ್ಲಿ ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಟ್ರಂಪ್ ಕಿವಿಗೆ ಗುಂಡು ತಾಗಿತು. ಹಾರಿಸಿದ ಯುವಕನ ಉದ್ದೇಶವನ್ನು ತನಿಖೆ ಮಾಡಿದವರಿಗೆ ಸ್ಪಷ್ಟವಾಗಿ ಹೇಳಲಾಗಲಿಲ್ಲ. ಆದರೆ ಇಂಥ ಪ್ರತಿ ಘಟನೆಯಲ್ಲೂ ಹೆಣ ಎತ್ತುವ ಮೊದಲೇ 'ಅವನು ಯಾವ ಕಡೆಯವನು?' ಅನ್ನುವ ಹುಡುಕಾಟ ಶುರುವಾಗುತ್ತದೆ. ಆ ಹುಡುಕಾಟವನ್ನು ಕಲ್ಚರ್ ವಾರ್ ಎಂದು ಧಾರಾಳವಾಗಿ ಕರೆಯಬಹುದು. ಅದರಲ್ಲಿ ಸತ್ತವರ ಮನೆಯವರ ಅಳು ಯಾರಿಗೂ ಕೇಳಿಸುವುದಿಲ್ಲ.

ಈ ಪದಕ್ಕೆ ಹೆಸರು ತಂದ ಹಂಟರ್ ಇರುವ ವಿಶ್ವವಿದ್ಯಾಲಯ ಶಾರ್ಲೆಟ್ಸ್‌ವಿಲ್ ಊರಿನಲ್ಲಿದೆ. ಅಂತರ್ಯುದ್ಧದಲ್ಲಿ ದಕ್ಷಿಣದ ಸೈನ್ಯ ನಡೆಸಿದ ರಾಬರ್ಟ್ ಲೀಯ ಪ್ರತಿಮೆ ಆ ಊರಿನಲ್ಲಿತ್ತು. ಯುದ್ಧ ಮುಗಿದದ್ದು 1865ರಲ್ಲಿ, ಪ್ರತಿಮೆ ನಿಲ್ಲಿಸಿದ್ದು 1924ರಲ್ಲಿ. 2017ರಲ್ಲಿ ನಗರಸಭೆ ಅದನ್ನು ತೆಗೆಯಲು ನಿರ್ಧರಿಸಿತು. ಕೆಲವರಿಗೆ ಅದು ಪೂರ್ವಿಕರ ನೆನಪು. ಕೆಲವರಿಗೆ ಗುಲಾಮಗಿರಿಯ ಪರ ಹೋರಾಡಿದವನಿಗೆ ಊರ ನಡುವೆ ಕೊಟ್ಟ ಗೌರವ. ಆಗಸ್ಟ್ 11ರ ರಾತ್ರಿ ಬಿಳಿಯರ ಶ್ರೇಷ್ಠತೆ ಸಾರುವ ಗುಂಪುಗಳು ಪಂಜು ಹಿಡಿದು ಆ ವಿಶ್ವವಿದ್ಯಾಲಯದ ಆವರಣದಲ್ಲೇ ಮೆರವಣಿಗೆ ಮಾಡಿದವು. ಮರುದಿನ ಅವರಲ್ಲೊಬ್ಬ ಎದುರು ಗುಂಪಿನ ಮೇಲೆ ಕಾರು ನುಗ್ಗಿಸಿದ. ಹೆದರ್ ಹೆಯರ್ ಅನ್ನುವ 32 ವರ್ಷದ ಹೆಣ್ಣುಮಗಳು ಸತ್ತಳು.

ಕೋರ್ಟು ಕಚೇರಿ ಎಲ್ಲ ಮುಗಿದು 2021ರ ಜುಲೈನಲ್ಲಿ ಪ್ರತಿಮೆಯನ್ನು ಇಳಿಸಿದರು. ಕಂಚನ್ನು ಕರಗಿಸಿ ಊರಿಗೆ ಹೊಸದೊಂದು ಕಲಾಕೃತಿ ಮಾಡೋಣ ಎಂದು ಊರಿನ ಕಪ್ಪು ಜನಾಂಗದ ಚರಿತ್ರೆ ಕಾಪಾಡುವ ಒಂದು ಸಂಸ್ಥೆ ಮುಂದೆ ಬಂತು. 2023ರ ಅಕ್ಟೋಬರ್‌ನಲ್ಲಿ ಲೀಯ ಮುಖ ಕುಲುಮೆಗೆ ಹೋಯಿತು. ಆ ಎರಕದ ಕಾರ್ಖಾನೆ ಯಾವ ಊರಿನದು, ಅದರ ಹೆಸರೇನು ಅನ್ನುವುದನ್ನು ಮಾತ್ರ ಹೊರಗೆ ಬಿಡಲಿಲ್ಲ. ಕೆಲಸಗಾರರ ಜೀವಕ್ಕೆ ಅಪಾಯ ಬರಬಾರದು ಅಂತ.