ಯೂಸರ್‌ಡಿರ್ ಟಿಪ್ಪಣಿ: ಹೋಮ್ ಫೋಲ್ಡರ್‌ನ ಎಕ್ಸ್ ಬಿಟ್ ಮತ್ತು 403

ಒಂದು ಸರ್ವರ್‌ನಲ್ಲಿ ಹಲವರ ಖಾತೆಗಳಿವೆ. ಅಡ್ಮಿನ್‌ಗೆ ಕಾಯದೆ ಪ್ರತಿಯೊಬ್ಬರೂ ತಮ್ಮ ಪುಟಗಳನ್ನು ತಾವೇ ನೋಡಿಕೊಳ್ಳಬೇಕು. ಅಪಾಚೆ 2.4 ವೆಬ್ ಸರ್ವರ್‌ನಲ್ಲಿ ಇದಕ್ಕಿರುವುದು ಯೂಸರ್‌ಡಿರ್ ಮಾಡ್ಯೂಲ್. ಉಬುಂಟುವಿನಲ್ಲಿ ‘ಸುಡೊ ಎ2ಎನ್‌ಮಾಡ್ ಯೂಸರ್‌ಡಿರ್’ ಕೊಟ್ಟು ಅಪಾಚೆಯನ್ನು ರೀಸ್ಟಾರ್ಟ್ ಮಾಡಿ. ರಮ್ಯಾ ತನ್ನ ಹೋಮ್‌ನಲ್ಲಿ ‘ಪಬ್ಲಿಕ್_ಎಚ್‌ಟಿಎಂಎಲ್’ ಫೋಲ್ಡರ್ ಮಾಡಿ ಅದರಲ್ಲಿ ಇಂಡೆಕ್ಸ್ ಫೈಲ್ ಇಟ್ಟರೆ, ‘/~ರಮ್ಯಾ/’ ವಿಳಾಸದಲ್ಲಿ ಪುಟ ಬರಬೇಕು.

ಬರುವುದು 403, ಎಂದರೆ ‘ಪ್ರವೇಶವಿಲ್ಲ’ ಎಂಬ ಉತ್ತರ.

ಅನುಮತಿ ಬದಲಿಸುವ ಚ್‌ಮಾಡ್ ಆಜ್ಞೆಯ ಮೂರು ಅಂಕಿಗಳು ಕ್ರಮವಾಗಿ ಮಾಲೀಕ, ಗುಂಪು, ಇತರರಿಗೆ. ಫೋಲ್ಡರ್‌ಗೆ 755, ಫೈಲ್‌ಗೆ 644 ಕೊಟ್ಟರೂ ಅದೇ 403. ತೊಂದರೆ ಅವೆರಡರಲ್ಲಿಲ್ಲ, ಒಂದು ಮೆಟ್ಟಿಲು ಮೇಲಿನ ‘/ಹೋಮ್/ರಮ್ಯಾ’ದಲ್ಲಿದೆ. ಉಬುಂಟು 21.04ರಿಂದ ಹೊಸ ಹೋಮ್‌ಗಳಿಗೆ 750 ಅನುಮತಿ. ಕೊನೆಯ ಸೊನ್ನೆ ಎಂದರೆ ‘ಇತರರಿಗೆ’ ಏನೂ ಇಲ್ಲ. ಅಪಾಚೆ ಓಡುವುದು ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಎಂಬ ಬಳಕೆದಾರನಾಗಿ, ರಮ್ಯಾಳ ಪಾಲಿಗೆ ಅದೂ ‘ಇತರ’ರೇ.

ಇಲ್ಲಿ ನಿಧಾನವಾಗಿ ಓದಿ. ಫೋಲ್ಡರ್‌ಗೆ ಆರ್ (4) ಇದ್ದರೆ ಒಳಗಿನ ಹೆಸರುಗಳ ಪಟ್ಟಿ ನೋಡಬಹುದು. ಎಕ್ಸ್ (1) ಇದ್ದರೆ ಅದನ್ನು ದಾಟಿ ಒಳಗೆ ಹೋಗಬಹುದು. ಫೈಲ್ ತಲುಪಲು ದಾರಿಯ ಪ್ರತಿಯೊಂದು ಫೋಲ್ಡರ್‌ನಲ್ಲೂ ಎಕ್ಸ್ ಬೇಕು. ಒಂದರಲ್ಲಿ ತಪ್ಪಿದರೂ ಅಲ್ಲಿಗೇ ನಿಂತಿತು. ಎರರ್ ಲಾಗ್‌ನಲ್ಲಿ ‘ಎಎಚ್00035’ ಕಂಡರೆ ಇದೇ ಕಾರಣ. ಯಾವ ಮೆಟ್ಟಿಲು ಎಂದು ತಿಳಿಯಲು ‘ನೇಮ್‌ಐ -ಎಲ್’ ಜೊತೆ ಪೂರ್ತಿ ಪಾತ್ ಕೊಡಿ, ಒಂದೊಂದು ಫೋಲ್ಡರ್‌ನ ಅನುಮತಿಯೂ ಸಾಲಾಗಿ ಬರುತ್ತದೆ. ಊಹೆ ಮಾಡಿ ಸಿಕ್ಕಸಿಕ್ಕಲ್ಲಿ 777 ಕೊಡಲೇಬೇಡಿ.

ಹೋಮ್‌ಗೆ 711 ಕೊಟ್ಟರೆ ಪುಟ ತೆರೆಯುತ್ತದೆ. ಆದರೆ ಆಗ ಸರ್ವರ್‌ನ ಎಲ್ಲ ಖಾತೆಗಳಿಗೂ ದಾರಿ ತೆರೆದಂತೆ; ಹೆಸರು ಗೊತ್ತಿದ್ದವರು 644 ಇರುವ ಫೈಲನ್ನು ಓದಬಲ್ಲರು. ನನಗೆ ಹಿಡಿಸುವುದು ಎಸಿಎಲ್, ಎಂದರೆ ಒಬ್ಬೊಬ್ಬ ಬಳಕೆದಾರನಿಗೆ ಬೇರೆಯಾಗಿ ಅನುಮತಿ ಕೊಡುವ ಪಟ್ಟಿ: ‘ಸೆಟ್‌ಎಫ್‌ಎಸಿಎಲ್ -ಎಂ ಯು:ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ:ಎಕ್ಸ್ /ಹೋಮ್/ರಮ್ಯಾ’. ಎಕ್ಸ್ ಸಿಗುವುದು ಅಪಾಚೆಗೆ ಮಾತ್ರ. ಇದರಲ್ಲೂ ಒಂದು ಕೊಕ್ಕೆ ಇದೆ: ಎಸಿಎಲ್ ಇರುವಾಗ ಚ್‌ಮಾಡ್‌ನ ನಡುವಿನ ಅಂಕಿ ಗುಂಪಿನದ್ದಲ್ಲ, ಮಾಸ್ಕ್‌ನದ್ದು (ಎಸಿಎಲ್ ಅನುಮತಿಗಳ ಮೇಲ್ಮಿತಿ). ಆಮೇಲೆ ರಮ್ಯಾ ತನ್ನ ಹೋಮ್‌ಗೆ 700 ಕೊಟ್ಟರೆ ಮಾಸ್ಕ್ ಸೊನ್ನೆಯಾಗುತ್ತದೆ. ಎಸಿಎಲ್ ಸಾಲು ಇದ್ದರೂ ಕೆಲಸಕ್ಕೆ ಬರುವುದಿಲ್ಲ, 403 ಮರಳುತ್ತದೆ. ‘ಗೆಟ್‌ಎಫ್‌ಎಸಿಎಲ್’ ಆ ಸಾಲಿನ ಪಕ್ಕದಲ್ಲೇ ‘ಎಫೆಕ್ಟಿವ್’ ಎಂದು ಉಳಿದ ಅನುಮತಿಯನ್ನು ತೋರಿಸುತ್ತದೆ.

ಫೆಡೋರಾ ಬಳಗದಲ್ಲಿ ಯೂಸರ್‌ಡಿರ್ ಮೊದಲಿಗೆ ‘ಡಿಸೇಬಲ್ಡ್’ ಆಗಿರುತ್ತದೆ. ಅದನ್ನು ತೆರೆದ ಮೇಲೂ ಎಸ್ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆ ತಡೆಯುತ್ತದೆ: ‘ಸೆಟ್‌ಎಸ್ಇಬೂಲ್ -ಪಿ ಎಚ್‌ಟಿಟಿಪಿಡಿ_ಎನೇಬಲ್_ಹೋಮ್‌ಡಿರ್ಸ್ ಆನ್’ ಕೊಡಿ.

ಬಳಕೆದಾರರು ತಮ್ಮ ಪುಟಕ್ಕೆ ಪಾಸ್‌ವರ್ಡ್ ಹಾಕಿಕೊಳ್ಳಲು ‘.ಎಚ್‌ಟಿಆಕ್ಸೆಸ್’ ಬಳಸುತ್ತಾರೆ. ಅದಕ್ಕೆ ‘ಅಲೌಓವರ್‌ರೈಡ್’ನಲ್ಲಿ (ಆ ಫೈಲ್ ಏನೇನು ಬದಲಿಸಬಹುದೆಂದು ಹೇಳುವ ಅಪಾಚೆ ಸೆಟ್ಟಿಂಗ್) ‘ಆಥ್‌ಕಾನ್ಫಿಗ್’ ಇರಬೇಕು. ಉಬುಂಟುವಿನ ಫೈಲಿನಲ್ಲಿ ಇದೆ. ‘ಆಪ್ಷನ್ಸ್’ ಇಲ್ಲ, ಹಾಗಾಗಿ ಆ ಸಾಲು ಬರೆದವರಿಗೆ 500 (ಸರ್ವರ್ ದೋಷ) ಸಿಗುತ್ತದೆ. ಪಾಸ್‌ವರ್ಡ್ ಫೈಲ್ ಮಾಡುವ ‘ಎಚ್‌ಟಿಪಾಸ್‌ಡಬ್ಲ್ಯುಡಿ’ ಆಜ್ಞೆಯ ‘-ಸಿ’ ಮೊದಲ ಹೆಸರಿಗೆ ಮಾತ್ರ. ಎರಡನೆಯ ಹೆಸರಿಗೂ ಹಾಕಿದರೆ ಫೈಲ್ ಹೊಸದಾಗಿ, ಹಳೆಯ ಹೆಸರುಗಳೆಲ್ಲ ಅಳಿಯುತ್ತವೆ.

ಪಿಎಚ್‌ಪಿ ಬಗ್ಗೆ ಎಲ್ಲರಿಗೂ ಮೊದಲೇ ಹೇಳಿಡಿ. ಡೆಬಿಯನ್ ಮತ್ತು ಉಬುಂಟುವಿನ ಪಿಎಚ್‌ಪಿ ಮಾಡ್ಯೂಲ್ ಬಳಕೆದಾರರ ಫೋಲ್ಡರ್‌ಗಳಲ್ಲಿ ಬೇಕೆಂದೇ ಎಂಜಿನ್ ಆಫ್ ಮಾಡಿರುತ್ತದೆ. ಕೋಡ್ ಓಡುವುದಿಲ್ಲ, ಹಾಗೆಯೇ ಬ್ರೌಸರ್‌ಗೆ ಹೋಗುತ್ತದೆ. ಡೇಟಾಬೇಸ್ ಪಾಸ್‌ವರ್ಡ್ ಅದರಲ್ಲಿದ್ದರೆ ಅದೂ ಹೋಗುತ್ತದೆ.